ಇಂದ್ರವ್ವ ಉಗಿ ಮುಚ್ಚಿದ್ದು

ಅರ್ಜಿಯಲ್ಲಿ ಇಂದ್ರವ್ವ ಹೆಚ್ಚಿಗೆ ಬರೆದದ್ದು ಒಂದೇ ಒಂದು ಸಾಲು. ಹೆಸರು, ಊರು ಮೂಡಲಗಿ, ವಯಸ್ಸು ಇಪ್ಪತ್ತು, ಮೆಟ್ರಿಕ್ ಪಾಸು, ಇಷ್ಟೆಲ್ಲ ಖರೆ. ಆದರೆ 'ಅನುಭವ' ಅನ್ನುವ ಖಾನೆ ಖಾಲಿ ಉಳಿದದ್ದು ನೋಡಿ ಅವಳ ಜೀವ ತಡೆಯಲಿಲ್ಲ. ಪಂಕ್ತಿಯಲ್ಲಿ ಖಾಲಿ ತಾಟು ಕಂಡರೆ ಬುಟ್ಟಿ ಹಿಡಿದು ಓಡುವವರ ಹಾಗೆ ಪೆನ್ನು ತಾನೇ ಓಡಿತು: 'ನಮ್ಮ ಮನೆತನವು ಮೂರು ತಲೆಮಾರುಗಳಿಂದ ಬೆಲ್ಲದ ಪಾಕ ತೆಗೆಯುವುದರಲ್ಲಿ ಎತ್ತಿದ ಕೈ ಆಗಿರುತ್ತದೆ.' ಬರೆದು, ಮಸಿ ಆರಲೆಂದು ಊದಿ, ಎರಡು ಸಲ ಓದಿಕೊಂಡಳು. ಮೂರು ಕಡಿಮೆಯಾಯಿತೇನೋ, ಏಳು ಹಾಕಬೇಕಿತ್ತೇನೋ ಎಂದು ಸ್ವಲ್ಪ ಹೊತ್ತು ಹಳಹಳಿಸಿದಳು ಕೂಡ.

ಅರ್ಜಿ ಹುಕ್ಕೇರಿ ಬಾಜೂಕ್ಕೆ ಎರಡು ವರ್ಷದ ಹಿಂದೆ ಎದ್ದ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ಉಮೇದವಾರಿಗೆ. ಉಮೇದವಾರ ಅಂದರೆ ಕೈಕೆಳಗೆ ನಿಂತು ಕಲಿಯುವವನು. ಎರಡು ಹಂಗಾಮು ಕಲಿತರೆ ಪ್ಯಾನ್‌ಮನ್. ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಸಣ್ಣ ಆಸಾಮಿಯಲ್ಲ. ಕಬ್ಬು ಕಡಿದವರು, ಹೇರಿದವರು, ಅರೆದವರು, ರಸ ಸೋಸಿದವರು, ಎಲ್ಲರ ಬೆವರೂ ಕಡೆಗೆ ಅವನ ಹೆಬ್ಬೆರಳು ತೋರುಬೆರಳಿನ ನಡುವೆ ಬಂದು ನಿಲ್ಲುತ್ತದೆ. ಅವನು ಪಾಕ ಕೆಡಿಸಿದರೆ ಊರ ಕಬ್ಬೆಲ್ಲ ಕೆಟ್ಟ ಹಾಗೆ.

ಇಂದ್ರವ್ವ ಆಗ ಇದ್ದದ್ದು ಪ್ರಯೋಗಶಾಲೆಯಲ್ಲಿ, ನಮೂನೆ ಬಾಟಲಿ ಹೊರುವ ಕೆಲಸದಲ್ಲಿ. ತಾಸಿಗೊಮ್ಮೆ ಕಬ್ಬಿಣದ ಮೆಟ್ಟಿಲು ಏರಿ ಪ್ಯಾನಿನ ಅಟ್ಟಕ್ಕೆ ಹೋಗುವುದು, ಪಾಕದ ನಮೂನೆ ಹಿಡಿಯುವುದು, ಇಳಿದು ಬಂದು ಕೆಮಿಸ್ಟ್ ಸಾಹೇಬರ ಮೇಜಿನ ಮೇಲೆ ಇಡುವುದು. ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಮುಗಿದರೆ ಮತ್ತೆ ಮೂಡಲಗಿ, ಮತ್ತೆ ಮಂದಿಯ ಹೊಲದಲ್ಲಿ ಕಬ್ಬಿನ ಕಳೆ. ಕಳೆ ಕೀಳಲು ಮೆಟ್ರಿಕ್ ಬೇಕಿಲ್ಲ. ಕಳೆಗೂ ಮೆಟ್ರಿಕ್ ಓದಿದವರ ಕೈ ಎಂದರೆ ಅಂಜಿಕೆಯೇನೂ ಇಲ್ಲ. ಅದಕ್ಕೇ ಉಮೇದವಾರಿ ಜಾಗ ಒಂದು ಖಾಲಿ ಇದೆ ಎಂದು ಫಲಕದ ಮೇಲೆ ಚೀಟಿ ಹಚ್ಚಿದ ದಿನ ಅವಳಿಗೆ ಊಟ ಸೇರಲಿಲ್ಲ. ಗಂಡಸರೇ ಬೇಕು ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಕೆಮಿಸ್ಟ್ ಸಾಹೇಬರು ಅರ್ಜಿ ಓದಿ ತಲೆ ಎತ್ತಿದರು. ಬಾಜೂಕ್ಕೆ ಹಿರಿಯ ಪ್ಯಾನ್‌ಮನ್ ಅಲ್ಲಪ್ಪ ನಿಂತಿದ್ದ. ಕೊಲ್ಲಾಪುರದ ಕಡೆ ಮೂವತ್ತು ವರ್ಷ ಪಾಕ ಬೇಯಿಸಿ ಬಂದವನು. ಎರಡು ಬೆರಳಿನ ಚರ್ಮ ಸವೆದು ಎಮ್ಮೆ ಕೊಂಬಿನ ಹಾಗೆ ಹೊಳೆಯುತ್ತಿತ್ತು.

"ಮೂರು ತಲಿಮಾರು?" ಅಂದರು ಸಾಹೇಬರು.

"ಹೌದ್ರಿ."

"ಪಾಕ ತಗಿಯೋದು ಯಾರು? ನಿಮ್ಮಪ್ಪ?"

"ನಮ್ಮ ಆಯಿ ರಿ, ನಮ್ಮಪ್ಪನ ಅವ್ವ. ಸಾವಂತ್ರೆವ್ವ ಅಂತ. ಆಕಿ ಕೊಪ್ಪರಿಗಿ ಮುಂದ ಕುಂತ್ರ ಪಾಕ ತಾನ ಮಾತಾಡತೈತಿ ಅಂತಾರ್ರಿ."

ಅಂತಾರೆ ಅನ್ನುವವರು ಯಾರು ಎಂದು ಸಾಹೇಬರು ಕೇಳಲಿಲ್ಲ, ಪುಣ್ಯ. ಹಾಗೆ ಅನ್ನುವವಳು ಸಾವಂತ್ರೆವ್ವ ಒಬ್ಬಳೇ.

ಅಲ್ಲಪ್ಪ ಮೀಸೆಯಲ್ಲೇ ನಕ್ಕ. "ಬೆಲ್ಲದ ಪಾಕಕ್ಕೂ ಸಕ್ರಿ ಪಾಕಕ್ಕೂ ಅತ್ತಿ ಸೊಸಿ ಸಂಬಂಧ, ತಂಗಿ. ಒಂದ ಮನ್ಯಾಗ ಇರತಾವ, ಒಂದಕ್ಕೊಂದು ಆಗಂಗಿಲ್ಲ."

"ಕಲೀತೇನ್ರಿ ಕಾಕಾ."

"ಕಲಿಯಾಕ ಬರತಾರ ಎಲ್ಲಾರೂ. ಮರಿಯಾಕ ಬರಬೇಕು ಮೊದಲ."

ಸಾಹೇಬರು ಕರಾರು ಹೇಳಿದರು. ಬರುವ ಮಂಗಳವಾರ ಮಧ್ಯಾಹ್ನ ಎರಡಕ್ಕೆ ಒಂದು ಪ್ಯಾನು ಅವಳೊಬ್ಬಳೇ ಬೇಯಿಸಬೇಕು. ಅಲ್ಲಪ್ಪ ನಿಂತು ನೋಡುತ್ತಾನೆ, ಮಾತಾಡುವುದಿಲ್ಲ. ಸಕ್ಕರೆ ನೆಟ್ಟಗೆ ಬಂದರೆ ಉಮೇದವಾರಿ ಅವಳದು. ಕೆಟ್ಟರೆ ಬಾಟಲಿ ಹೊರುವುದು, ಮಾರ್ಚಿಯ ತನಕ. ಮತ್ತೆ ಹೆಂಗಸರು ಸಂಜೆ ಏಳರ ಮೇಲೆ ಕಾರ್ಖಾನೆಯೊಳಗೆ ಇರಕೂಡದೆಂದು ಕಾಯ್ದೆ ಇದೆ. ಪ್ಯಾನು ಏಳರೊಳಗೆ ಇಳಿಯಬೇಕು. ಒಂದು ಪ್ಯಾನಿಗೆ ನಾಲ್ಕು ತಾಸು ಸಾಕು. ಒಂದು ತಾಸು ಪದರಲ್ಲಿ ಉಳಿಯುತ್ತದೆ.

"ಒಂದು ತಾಸು ಯಾಕ ಉಳಿಸತೀರಿ ಸಾಹೇಬ್ರ, ಕೂತು ಚಾ ಕುಡಿಯಾಕೇನು?" ಅಂದ ಅಲ್ಲಪ್ಪ.

ಇಂದ್ರವ್ವ ಆ ಉಳಿದ ಒಂದು ತಾಸಿನಲ್ಲಿ ಏನು ಮಾಡುವುದೆಂದು ಆಗಲೇ ಯೋಚಿಸತೊಡಗಿದ್ದಳು. ಪಾಕ ಇಳಿಸಿ, ಕೈ ತೊಳೆದು, ಅಟ್ಟದ ಕಟಕಟೆಗೆ ಒರಗಿ ನಿಂತಿರಬೇಕು. ಕೆಳಗಿನಿಂದ ಮಂದಿ ತಲೆ ಎತ್ತಿ ನೋಡಬೇಕು. ಯಾರವಳು ಎಂದು ಒಬ್ಬರು ಕೇಳಬೇಕು. ಮೂಡಲಗಿಯ ಸತ್ತೆಪ್ಪನ ಮಗಳು ಎಂದು ಇನ್ನೊಬ್ಬರು ಹೇಳಬೇಕು. ಸೀರೆ ಯಾವುದು ಉಡುವುದೆಂಬ ಹಂತಕ್ಕೆ ಈ ಯೋಚನೆ ಮುಟ್ಟಿದಾಗ, ಸಾಹೇಬರು ಹೋಗು ಎಂದು ಎರಡನೇ ಸಲ ಹೇಳುತ್ತಿದ್ದರು.

ಆ ಪ್ಯಾನು ನೋಡಲು ಹೇಗಿತ್ತೆಂದರೆ, ಮೂರು ಆಳೆತ್ತರದ ಕಬ್ಬಿಣದ ಗಡಿಗೆ. ಮೇಲೆ ಮುಚ್ಚಳವಿಲ್ಲ, ಕೊಳವೆ ಇದೆ. ಎದೆಯ ಮಟ್ಟಕ್ಕೆ ಅಂಗೈಯಗಲದ ದಪ್ಪ ಕಾಜಿನ ಕಿಂಡಿ, ಅದರಲ್ಲಿ ಇಣುಕಿದರೆ ಒಳಗಿನ ಕುದಿ ಕಾಣುತ್ತದೆ. ಒಳಗಿನ ಗಾಳಿಯನ್ನೆಲ್ಲ ಪಂಪು ಹೀರಿಬಿಡುತ್ತದೆ. ಅದಕ್ಕೇ ಅದು ವ್ಯಾಕ್ಯೂಮ್ ಪ್ಯಾನು. ನಮೂನೆಗೆ ಅಟ್ಟ ಏರಿದಾಗೆಲ್ಲ ಇಂದ್ರವ್ವ ಅಲ್ಲಪ್ಪನನ್ನು ಒಂದೊಂದು ಕೇಳಿ ಕಲಿಯುತ್ತಿದ್ದಳು. ಗಾಳಿ ಯಾಕೆ ತೆಗೆಯಬೇಕೆಂದು ಮೊದಲ ವಾರವೇ ಕೇಳಿದ್ದಳು.

"ಗಾಳಿ ಅಂದ್ರ ಹೆಗಲ ಮ್ಯಾಗ ಕುಂತ ಗೌಡ ಇದ್ದಂಗ," ಅಂದಿದ್ದ ಅಲ್ಲಪ್ಪ. "ಅಂವ ಕುಂತಾಗ ಪಾಕ ಎದ್ದು ಕುದೀಬೇಕಂದ್ರ ಭಾಳ ಬೆಂಕಿ ಬೇಕು. ಭಾಳ ಬೆಂಕಿ ಹಚ್ಚಿದ್ರ ಸಕ್ರಿ ಕೆಂಪಾಗತೈತಿ, ಬೆಲ್ಲ ಆಗತೈತಿ. ಗೌಡನ್ನ ಎಬ್ಬಿಸಿ ಕಳಿಸಿಬಿಟ್ರ ಸಣ್ಣ ಉಗ್ಯಾಗನ ಕುಣದಾಡತೈತಿ. ಬೆಳ್ಳಗ ಉಳೀತೈತಿ."

ಗೌಡನನ್ನು ಎಬ್ಬಿಸಿ ಕಳಿಸುವ ಯಂತ್ರವೊಂದು ಹುಕ್ಕೇರಿಯಲ್ಲಿ ಇದೆ ಎಂಬುದು ಇಂದ್ರವ್ವನಿಗೆ ಬಹಳ ಹಿಡಿಸಿತು. ಮೂಡಲಗಿಗೂ ಒಂದು ತರಿಸಬಹುದೇ ಎಂದು ಕೇಳುವವಳಿದ್ದಳು, ನಾಲಿಗೆ ಕಚ್ಚಿಕೊಂಡಳು.

ಭಾನುವಾರ ಅವಳು ಊರಿಗೆ ಹೋದಳು. ಗುಟ್ಟು ತರಲು ಹೋದದ್ದು. ಹುಕ್ಕೇರಿಯಿಂದ ಘಟಪ್ರಭಾ, ಘಟಪ್ರಭಾದಿಂದ ಗೋಕಾಕ, ಅಲ್ಲಿ ಬಸ್ಸು ಬದಲಿಸಿ ಮೂಡಲಗಿ. ದಾರಿಯುದ್ದಕ್ಕೂ ಆಯಿಯ ಕತೆಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಏಳು ಊರಿನ ಕಬ್ಬಿನ ರಸ ಕುಡಿದೂ ತಣಿಯದ ಕೊಪ್ಪರಿಗೆಯ ಕತೆ ಒಂದಿತ್ತು. ಆ ಕೊಪ್ಪರಿಗೆಯ ಹತ್ತಿರ ರಾಜನ ಕಡೆಯವರು ಬಂದರು, ಪಂಡಿತರು ಬಂದರು, ಅದು ಯಾರಿಗೂ ಒಂದು ಪೆಂಟಿ ಬೆಲ್ಲ ಕೊಡಲಿಲ್ಲ. ಕಡೆಗೆ ಒಬ್ಬ ಹುಡುಗಿ ಬಂದು ಕಿವಿಗೊಟ್ಟು, ನಿನಗೆ ಸಾಕಾಯಿತೇನವ್ವಾ ಎಂದು ಕೇಳಿದಳು. ಸಾಕಾಗಿತ್ತು. ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಈ ಕತೆ ಕೇಳಿ ಬೆಳೆದ ಹುಡುಗಿ ತನ್ನನ್ನು ಆ ಹುಡುಗಿಯೆಂದೇ ತಿಳಿದರೆ ತಪ್ಪು ಯಾರದು?

ಸಾವಂತ್ರೆವ್ವ ಅಂಗಳದಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತಿದ್ದಳು.

"ಆಯಿ, ಪಾಕ ಬಂತಂತ ನಿನಗ ಹೆಂಗ ತಿಳೀತಿತ್ತು? ಎರಡು ಬೆರಳಾಗ ಹಿಡಿದಾಗ ಎಳಿ ಎಷ್ಟು ಉದ್ದ ಬರಬೇಕು?"

"ಯಾವ ಬೆರಳು?"

"ನಿಂದು. ಕೊಪ್ಪರಿಗ್ಯಾಗಿಂದ ತಗದು ನೋಡತಿದ್ದಿಲ್ಲ?"

ಸಾವಂತ್ರೆವ್ವ ಮೊರ ಕೆಳಗಿಟ್ಟಳು. "ನನಗ ಕೊಪ್ಪರಿಗಿ ಹತ್ತರ ಯಾರು ಬಿಡತಿದ್ರು ಮಗಳ? ನಾನು ಒಲಿ ಮುಂದ ಇದ್ದಾಕಿ. ತೆಗ್ಗಿನ್ಯಾಗ ಕುಂತು ಒಲಿ ಬಾಯಿಗೆ ಕಬ್ಬಿನ ಸಿಪ್ಪಿ ಒಟ್ಟಾಕಿ. ಮ್ಯಾಲಿಂದ ಗೌಡ್ರ ಆಳು ಕೂಗಿದ್ರ ಹಾಕೂದು, ಕೂಗಿದ್ರ ಎಳಿಯೂದು. ನಾವು ಮುಟ್ಟಿದ ಬೆಲ್ಲ ಆಗ ಯಾರು ತಿಂತಿದ್ರು?"

ಇಂದ್ರವ್ವ ಮೊರದ ಎದುರಿಗೆ ಕುಕ್ಕರಿಸಿದಳು. "ಹಂಗಾದ್ರ ಇಷ್ಟು ವರ್ಷ ಕೊಪ್ಪರಿಗಿ ಕತಿ ಹೇಳಿದಿ?"

"ಕತಿ ಹೇಳಾಕ ಕೊಪ್ಪರಿಗಿ ಹತ್ತರ ಹೋಗಬೇಕಂತ ಎಲ್ಲೈತಿ? ರಾಜಾನ ಕತೀನೂ ಹೇಳೇನಿ. ಅರಮನ್ಯಾಗ ಉಂಡು ಬಂದೇನೇನು?"

"ಅಪ್ಪಗ ಗೊತ್ತಿತ್ತೇನು?"

"ನಿಮ್ಮಪ್ಪಗ್ಯಾಕ ಗೊತ್ತಿರಂಗಿಲ್ಲ? ಅಂವ ಹುಟ್ಟಿದ್ದ ಒಲಿ ಬಾಜೂಕ. ಅದಕ್ಕ ಬೌದ್ಧರಾದ ದಿನ ಮೊದಲ ಗಾಣದ ಮನಿ ಕೆಲಸ ಬಿಟ್ಟ." ಮುದುಕಿ ಮೊರ ಮತ್ತೆ ಕೈಗೆತ್ತಿಕೊಂಡಳು. "ಆದ್ರ ಒಂದು ಮಾತು. ಕಣ್ಣಿಲೆ ನೋಡದಿದ್ರೂ ಕಿವಿ ಇದ್ವು. ಮೊದಲ ಸೊಂಯ್ ಅಂತೈತಿ, ಆ ಮ್ಯಾಗ ಗುಳುಗುಳು ಅಂತೈತಿ. ಕಡೀಕ ಲೊಚ್ ಲೊಚ್ ಅಂತ ಭಾರ ಆಗತೈತಿ. ಲೊಚ್ ಅಂದ ಕೂಡಲೆ ಬೆಂಕಿ ಎಳದುಬಿಡತಿದ್ದೆ, ಮ್ಯಾಲಿನವ್ರು ಕೂಗೂಕಿಂತ ಮೊದಲ. ಒಂದ ದಿನಾನೂ ತಳ ಹತ್ತಗೊಟ್ಟಿಲ್ಲ."

ಮರುದಿನದ ಬಸ್ಸಿನಲ್ಲಿ ಇಂದ್ರವ್ವ ಅರ್ಜಿಯ ಆ ಸಾಲನ್ನು ನೂರು ಸಲ ಮನಸ್ಸಿನಲ್ಲೇ ಒರೆಸಿದಳು. ಮನಸ್ಸಿನಲ್ಲಿ ಒರೆಸಿದರೆ ಕಾಗದದ ಮೇಲಿನ ಮಸಿ ಅಳಿಯುತ್ತದೆಯೇ? ಸಾಹೇಬರ ಮುಂದೆ ಹೋಗಿ ಹೇಳಿಬಿಡಬೇಕು ಎಂದು ಗೋಕಾಕದ ತನಕ ನಿಶ್ಚಯ ಮಾಡಿದಳು. ಘಟಪ್ರಭಾ ಬರುವಷ್ಟರಲ್ಲಿ ನಿಶ್ಚಯ ಸ್ವಲ್ಪ ಸಡಿಲಾಯಿತು. ಹುಕ್ಕೇರಿಯಲ್ಲಿ ಇಳಿಯುವಾಗ, ಒಲೆಯೂ ಪಾಕದ ಕೆಲಸವೇ ಅಲ್ಲವೇ, ಕಿವಿಯೂ ಅನುಭವವೇ ಅಲ್ಲವೇ ಎಂಬ ಹೊಸ ನಿಶ್ಚಯ ಮಾಡಿಕೊಂಡು ಇಳಿದಳು. ಸುಳ್ಳನ್ನು ಖರೆ ಮಾಡುವ ಕೆಲಸದಲ್ಲಿ ಅವರ ಮನೆತನ ನಿಜವಾಗಿಯೂ ಎತ್ತಿದ ಕೈ, ಅದರಲ್ಲಿ ಸಂಶಯವಿಲ್ಲ.

ಮಂಗಳವಾರ ಬಂತು. ಆ ಪಾಳಿಯ ಪ್ಯಾನ್‌ಮನ್ ಕಲ್ಲಪ್ಪ, ಇಪ್ಪತ್ತೈದರ ಕೊಣ್ಣೂರಿನವನು. ಎರಡು ಪ್ಯಾನಿನಲ್ಲಿ ಒಂದನ್ನು ಅವಳಿಗೆ ಬಿಟ್ಟುಕೊಟ್ಟು ಇನ್ನೊಂದರ ಮುಂದೆ ನಿಂತ. ಬಿಟ್ಟುಕೊಟ್ಟರೂ ಪಾಳಿ ಅವನದೇ. ಸಕ್ಕರೆ ಕೆಟ್ಟರೆ ಪುಸ್ತಕದಲ್ಲಿ ಹೆಸರು ಅವನದೇ.

"ನನ್ನ ಹೆಸರು ಉಳಿಸ್ರಿ ಬಾಯಾರ," ಅಂದ.

"ನಿಮ್ಮ ಹೆಸರು ಬೆಳ್ಳಗ ಇರತೈತ್ರಿ," ಅಂದಳು ಇಂದ್ರವ್ವ. ಮಾತು ಚೆನ್ನಾಗಿ ಬಂತೆಂದು ತನಗೆ ತಾನೇ ತಲೆದೂಗಿದಳು.

ಮೊದಲ ಎರಡು ತಾಸು ಎಲ್ಲ ಹೂವೆತ್ತಿದ ಹಾಗೆ ನಡೆಯಿತು. ಪಂಪು ಗಾಳಿ ಹೀರಿತು, ಗಾಳಿ ಎಷ್ಟು ಹೋಯಿತೆಂದು ತೋರಿಸುವ ಮುಳ್ಳು ಇಪ್ಪತ್ತೈದರ ಮೇಲೆ ನಿಂತಿತು. ರಸ ಎಳೆದುಕೊಂಡಳು, ಉಗಿ ಬಿಟ್ಟಳು. ರಸ ದಪ್ಪವಾದಾಗ ನುಣ್ಣಗೆ ಅರೆದ ಸಕ್ಕರೆಯ ಬೀಜ ಒಳಗೆ ಬಿಟ್ಟಳು. ಅದರ ಸುತ್ತಲೇ ಹರಳು ಬೆಳೆಯಬೇಕು. ನಮೂನೆ ಕಡ್ಡಿ ಎಳೆದು ಕಾಜಿನ ಚೂರಿಗೆ ಸವರಿ ದೀಪಕ್ಕೆ ಹಿಡಿದರೆ, ಸಾಸಿವೆಗಿಂತ ಸಣ್ಣ ಹರಳುಗಳು, ಒಂದರ ಹಾಗೆ ಒಂದು, ಸಾಲಿಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ. ಇನ್ನು ಮಾಡುವುದು ಇಷ್ಟೇ: ಸ್ವಲ್ಪ ಸ್ವಲ್ಪ ರಸ ಉಣಿಸುವುದು, ಉಗಿಯನ್ನೂ ಮುಳ್ಳನ್ನೂ ಅಲುಗದ ಹಾಗೆ ಹಿಡಿದಿರುವುದು. ಇದ್ದ ಹರಳೇ ದೊಡ್ಡದಾಗಬೇಕು, ಹೊಸದು ಹುಟ್ಟಬಾರದು. ಅಲ್ಲಪ್ಪ ಇದನ್ನು ದಿನಾ ಹೇಳಿದ್ದ: ಹೊಸದು ಹುಟ್ಟಿದರೆ ಅದು ಹಿಟ್ಟು. ಹಿಟ್ಟು ಕೂತರೆ ಕೆಳಗಿನ ಯಂತ್ರದ ಜಾಲರಿ ಮುಚ್ಚಿಹೋಗುತ್ತದೆ, ಸಕ್ಕರೆ ಬಿಡಿಯಾಗುವುದಿಲ್ಲ, ಕೆಸರಾಗುತ್ತದೆ.

ನಾಲ್ಕು ಗಂಟೆಯ ಹೊತ್ತಿಗೆ ಇಂದ್ರವ್ವನಿಗೆ ಕೈ ಖಾಲಿ ಅನ್ನಿಸಿತು. ಕೈ ಖಾಲಿಯಾದರೆ ತಲೆ ತುಂಬುವುದು ಅವಳ ಹಳೆಯ ಚಾಳಿ. ಕಟಕಟೆಗೆ ಒರಗಿ ನಿಂತಳು. ಮೂಡಲಗಿಯ ಸತ್ತೆಪ್ಪನ ಮಗಳು ಎಂದು ಯಾರೋ ಹೇಳಿದರು. ಇಲ್ಲ, ಯಾರೂ ಹೇಳಲಿಲ್ಲ. ಹೇಳಿದ ಹಾಗೆ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಕೇಳಿಸಿತು, ಅದು ಮಾತ್ರ ಖರೆ. ಪ್ಯಾನಿನ ಹೊಟ್ಟೆಯೊಳಗಿನಿಂದ ಬಂತು: ಲೊಚ್.

ಇಂದ್ರವ್ವ ನೆಟ್ಟಗಾದಳು.

ಲೊಚ್ ಲೊಚ್.

ಪಾಕ ದಪ್ಪವಾಗುತ್ತ ಬಂದಿತ್ತು, ಅಷ್ಟೆ. ದಪ್ಪವಾದರೆ ಒಂದು ಗುಟುಕು ರಸ ಉಣಿಸಿದ್ದರೆ ಮುಗಿದಿತ್ತು. ಅಲ್ಲಪ್ಪ ಎರಡು ತಿಂಗಳು ಹೇಳಿಕೊಟ್ಟದ್ದು ತಲೆಯಲ್ಲಿತ್ತು. ಆದರೆ ಅವಳ ಕೈ ತಲೆಯನ್ನು ಕೇಳಲಿಲ್ಲ. ತೆಗ್ಗಿನಲ್ಲಿ ಕುಳಿತು ಐವತ್ತು ವರ್ಷ ಬೆಂಕಿ ಎಳೆದ ಕೈ ಅದು, ಸಾವಂತ್ರೆವ್ವನದು. ಲೊಚ್ ಅಂದಿತು, ತಳ ಹತ್ತುತ್ತದೆ, ಬೆಂಕಿ ಎಳೆ. ಎರಡೂ ಕೈಯಲ್ಲಿ ಉಗಿಯ ಚಕ್ರ ಹಿಡಿದು ಗರಗರ ತಿರುಗಿಸಿ ಪೂರ್ತಿ ಮುಚ್ಚಿಬಿಟ್ಟಳು. ಮುಚ್ಚಿ, ಒಂದ ದಿನಾನೂ ತಳ ಹತ್ತಗೊಟ್ಟಿಲ್ಲ ಎಂಬ ಹೆಮ್ಮೆಯಲ್ಲಿ ಅಲ್ಲಪ್ಪನ ಕಡೆ ನೋಡಿದಳು.

ಅಲ್ಲಪ್ಪ ಮಾತಾಡುವ ಹಾಗಿರಲಿಲ್ಲ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಸತ್ತವರ ಮನೆಯಲ್ಲಿ ಕೂತವನ ಹಾಗಿತ್ತು.

ಆಗ ಅವಳ ತಲೆ ಕೈಯನ್ನು ಹಿಂದೆ ಹಾಕಿತು. ಒಲೆಯಲ್ಲಿ ಬೆಂಕಿ ಎಳೆದರೆ ಕೊಪ್ಪರಿಗೆ ಮೆಲ್ಲಗೆ ಆರುತ್ತದೆ, ಏನೂ ಆಗುವುದಿಲ್ಲ. ಇಲ್ಲಿ ಉಗಿ ನಿಂತರೂ ಪಂಪು ನಿಲ್ಲುವುದಿಲ್ಲ. ಗಾಳಿಯಿಲ್ಲದ ಗಡಿಗೆಯಲ್ಲಿ ಪಾಕ ತನ್ನ ಕಾವಿನಲ್ಲಿ ತಾನೇ ಕುದ್ದು ಕುದ್ದು ಸರ್ರನೆ ತಣ್ಣಗಾಗುತ್ತದೆ. ತಣ್ಣಗಾದರೆ ಸಕ್ಕರೆ ಕರಗಿ ಇರಲಾರದು. ಚಕ್ರ ಮತ್ತೆ ಬಿಚ್ಚಿದಳು, ಕಡ್ಡಿ ಎಳೆದಳು, ಕಾಜಿಗೆ ಸವರಿದಳು. ಪ್ರಾರ್ಥನೆಗೆ ನಿಂತ ಮಕ್ಕಳ ನಡುವೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಮಬ್ಬು.

ಹಿಟ್ಟು ಕೂತಿತ್ತು.

ಮುಂದಿನ ಎರಡೂವರೆ ತಾಸು ಇಂದ್ರವ್ವನ ತಲೆಯಲ್ಲಿ ಕತೆ ಒಂದೂ ಇರಲಿಲ್ಲ. ಹಿಟ್ಟು ಕರಗಬೇಕೆಂದರೆ ಬಿಸಿನೀರು ಕುಡಿಸಬೇಕು, ಕಾವು ಏರಿಸಬೇಕು. ಆದರೆ ಹೆಚ್ಚು ಕುಡಿಸಿದರೆ ನೆಟ್ಟಗಿದ್ದ ಹರಳೂ ಕರಗಿ ಹೋಗುತ್ತದೆ. ಒಂದು ಗುಟುಕು ನೀರು, ಕಡ್ಡಿ, ಕಾಜು. ಮತ್ತೆ ಒಂದು ಗುಟುಕು, ಕಡ್ಡಿ, ಕಾಜು. ಬೆವರು ಕಣ್ಣಿಗಿಳಿಯಿತು. ಸೆರಗು ಪಾಕ ಹತ್ತಿ ಹಪ್ಪಳವಾಯಿತು. ನಾಲ್ಕು ಜನ ನೋಡಲೆಂದು ಉಟ್ಟ ಸೀರೆ ಅದು. ಆರೂವರೆಗೆ ಮಬ್ಬು ಅರ್ಧ ಹರಿದಿತ್ತು. ಪೂರ್ತಿ ಹರಿಯಲು ಇನ್ನೊಂದು ತಾಸು ಬೇಕು, ಆ ಮೇಲೆ ಬೆಳೆಸಲು ಎರಡು ತಾಸು. ಗೋಡೆಯ ಗಡಿಯಾರ ಏಳಕ್ಕೆ ಹತ್ತು ನಿಮಿಷ ತೋರಿಸಿದಾಗ, ಕಾಯ್ದೆ ಎನ್ನುವುದು ಅಟ್ಟ ಏರಿ ಬಂದು ಎದುರಿಗೆ ನಿಂತ ಹಾಗಾಯಿತು.

ಕಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಪ್ಯಾನಿನ ಮಂದಿಯಲ್ಲಿ ಒಂದು ಪದ್ಧತಿ ಇದೆ: ಬೇಯುವ ಪ್ಯಾನನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಇಬ್ಬರೂ ಅದರ ಮೈಮೇಲೆ ಕೈಯಿಟ್ಟು ನಿಲ್ಲಬೇಕು, ಒಪ್ಪಿಸುವವರು ಒಳಗೆ ಏನಾಗಿದೆಯೆಂದು ಹೇಳಬೇಕು. ಹೇಳಿದ ಮೇಲೆ ಅದು ತೆಗೆದುಕೊಂಡವನ ಪ್ಯಾನು. ಕಲ್ಲಪ್ಪ ಕೈಯಿಟ್ಟ. ಇಂದ್ರವ್ವನೂ ಇಟ್ಟಳು. ಅಂಗೈ ಚುರ್ರೆಂದಿತು.

"ಎಲ್ಲಾ ಬರೋಬ್ಬರಿ ಐತೇನ್ರಿ?"

ಬರೋಬ್ಬರಿ ಐತ್ರಿ ಎಂದಿದ್ದರೆ ಅವನು ರಸ ಉಣಿಸಲು ಹಚ್ಚುತ್ತಿದ್ದ. ಹಿಟ್ಟೂ ಹರಳಿನ ಜೊತೆ ಬೆಳೆಯುತ್ತಿತ್ತು, ಒಂಬತ್ತಕ್ಕೆ ಜಾಲರಿ ಮುಚ್ಚುತ್ತಿತ್ತು, ಪುಸ್ತಕದಲ್ಲಿ ಕಲ್ಲಪ್ಪನ ಹೆಸರು ಬರುತ್ತಿತ್ತು. ಏಳರ ತನಕ ನನ್ನ ಕೈಯಲ್ಲಿ ನೆಟ್ಟಗಿತ್ತು ಎಂದು ಅವಳು ಅನ್ನಬಹುದಿತ್ತು. ಈ ಕತೆಯೂ ಅವಳಿಗೆ ಹೊಳೆಯಿತು. ಹೊಳೆಯದ ಕತೆ ಯಾವುದಿತ್ತು ಅವಳಿಗೆ? ನಾಲಿಗೆಯ ತುದಿಯ ತನಕ ಬಂತು, ಚೆನ್ನಾಗಿಯೂ ಇತ್ತು. ಆದರೆ ಅಂಗೈ ಸುಡುತ್ತಿರುವಾಗ ಉದ್ದ ಕತೆ ಹೇಳಲು ಆಗುವುದಿಲ್ಲ.

"ಹಿಟ್ಟು ಕುಂತೈತ್ರಿ," ಅಂದಳು. "ನಾಲ್ಕರಾಗ ನಾ ಉಗಿ ಪೂರಾ ಮುಚ್ಚಿದೆ. ಅರ್ಧಾ ಕರಗಿಸೇನಿ. ಇನ್ನೊಂದು ತಾಸು ನೀರು ಕುಡಸ್ರಿ. ರಸ ಬಿಡಬ್ಯಾಡ್ರಿ."

ಕಲ್ಲಪ್ಪನ ಬಾಯಿ ತೆರೆಯಿತು. "ಮುಚ್ಚಿದ್ರಿ? ಪೂರಾ? ಯಾಕ್ರಿ?"

"ನಮ್ಮ ಆಯಿ ಹಂಗ ಮಾಡತಿದ್ಲರಿ."

"ನಿಮ್ಮ ಆಯಿ ಕಡೆ ಪ್ಯಾನ್ ಇತ್ತೇನು?"

"ಒಲಿ ಇತ್ತರಿ," ಅಂದಳು ಇಂದ್ರವ್ವ. ಬಾಯಿ ಒಮ್ಮೆ ಬಿಚ್ಚಿದ್ದಕ್ಕೆ ಮುಂದಿನದೂ ಹರಿದು ಬಂತು. ಕೊಪ್ಪರಿಗೆ ಮುಟ್ಟಲು ಬಿಡದೆ ಇದ್ದದ್ದು, ತೆಗ್ಗಿನಲ್ಲಿ ಕೂತು ಕಿವಿಯಿಂದ ಕೇಳಿದ್ದು, ತಾನು ಅರ್ಜಿಯಲ್ಲಿ ಬರೆದದ್ದು, ಎಲ್ಲವನ್ನೂ ಹೇಳಿಬಿಟ್ಟಳು. ಅಲ್ಲಪ್ಪ ಟೊಪ್ಪಿಗೆ ಹಾಕಿಕೊಂಡು ಕೇಳುತ್ತಿದ್ದ. ಅಷ್ಟರಲ್ಲಿ ಏಳರ ಭೋಂಗಾ ಕೂಗಿತು. ಇಂದ್ರವ್ವ ಪ್ಯಾನಿನ ಮೇಲಿಂದ ಕೈ ತೆಗೆದು ಮೆಟ್ಟಿಲು ಇಳಿದಳು.

ಮರುದಿನ ಬೆಳಿಗ್ಗೆ ಸಾಹೇಬರ ಮೇಜಿನ ಮೇಲೆ ಎರಡು ಇದ್ದವು: ಕಲ್ಲಪ್ಪ ರಾತ್ರಿ ಇಳಿಸಿದ ಸಕ್ಕರೆ ಒಂದು ಬಟ್ಟಲು, ಇಂದ್ರವ್ವನ ಅರ್ಜಿ. ಸಕ್ಕರೆ ನೆಟ್ಟಗೆ ಬಂದಿತ್ತು. ಹರಳು ಸ್ವಲ್ಪ ಸಣ್ಣದು, ಅಷ್ಟೆ.

"ಉಮೇದವಾರಿ ಕೊಡಾಕ ಆಗಂಗಿಲ್ಲ," ಅಂದರು ಸಾಹೇಬರು. "ಪ್ಯಾನ್ ಏಳರೊಳಗ ಇಳೀಲಿಲ್ಲ. ಅರ್ಜಿ ಮ್ಯಾಗಿಂದು ಸುಳ್ಳಂತ ನೀನ ಹೇಳೀಯಂತ. ನಾ ಏನು ಮಾಡ್ಲಿ?"

ಇಂದ್ರವ್ವನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಎರಡು ದಿನದಿಂದ ಹೊತ್ತ ಕೊಡ ಇಳಿಸಿದ ಹಾಗಿತ್ತು ಹೆಗಲು. ತಪ್ಪಾತ್ರಿ ಅಂದಳು. ಬಾಟಲಿ ಎತ್ತಿಕೊಳ್ಳಲು ತಿರುಗಿದಳು.

"ಸಾಹೇಬ್ರ," ಅಂದ ಅಲ್ಲಪ್ಪ. "ಮೂವತ್ತು ವರ್ಷದಾಗ ಹಿಟ್ಟು ಕೂರಿಸಿದಾವ್ರನ್ನ ಭಾಳ ಮಂದಿ ನೋಡೇನಿ. ಅವ್ರಷ್ಟೂ ಮಂದಿ ಪಂಪು ಸೊರಗಿತ್ತು ಅಂದಾರ, ನೀರು ಬರಲಿಲ್ಲ ಅಂದಾರ. ನಾನೂ ಅಂದೇನಿ, ಎಲ್ಡು ಸಲ."

"ಅದಕ್ಕ?"

"ಅದಕ್ಕ ಏನಿಲ್ಲ. ಉಮೇದವಾರಿ ಬ್ಯಾಡ. ನನಗ ಪ್ಯಾನ್ ತೊಳಿಯಾಕ ಒಬ್ರು ಬೇಕಾಗ್ಯಾರ. ಇದ್ದಾಂವ ಒಳಗ ಹೋಗಾಕ ಅಂಜತಾನ. ಮುಂದಿನ ಹಂಗಾಮಿಗೆ ಈಕಿ ಮತ್ತ ಅರ್ಜಿ ಬರೀಲಿ. ನಾನ ಬರಸತೇನಿ, ಈಕಿ ಕೈಯಾಗ ಪೆನ್ನು ಕೊಡಂಗಿಲ್ಲ."

ಸಾಹೇಬರು ಇಂದ್ರವ್ವನ ಕಡೆ ನೋಡಿದರು. "ತೊಳಿಯೋ ಕೆಲಸಕ್ಕ ಪಗಾರ ಕಡಿಮಿ. ಲ್ಯಾಬಿನ್ಯಾಗ ಸ್ವಚ್ಛ ಸೀರಿ ಉಟ್ಟು ಕೂಡಬಹುದು. ನೋಡು."

ಮಾರ್ಚಿಯ ತನಕ ಸ್ವಚ್ಛ ಸೀರೆ, ಅದರಾಚೆ ಕಬ್ಬಿನ ಕಳೆ. ಇಲ್ಲವೆಂದರೆ ಕಬ್ಬಿಣದ ಗಡಿಗೆಯೊಳಗೆ ಬ್ರಶ್ಶು ಹಿಡಿದು ಕೂಡುವುದು. ಯೋಚನೆ ಮಾಡಲು ಎರಡು ದಿನ ಕೊಡುತ್ತೇನೆ ಎಂದರು ಸಾಹೇಬರು. ಇಂದ್ರವ್ವನಿಗೆ ಯೋಚನೆ ಮಾಡಲು ಬಿಟ್ಟರೆ ಏನಾಗುತ್ತದೆಂದು ಇಂದ್ರವ್ವನಿಗೇ ಗೊತ್ತಿತ್ತು. ಬ್ಯಾಡ್ರಿ ಅಂದಳು, ತೊಳೀತೇನ್ರಿ.

ತಿಂಗಳ ಕೊನೆಗೆ ಕಾರ್ಖಾನೆ ಒಂದು ದಿನ ನಿಂತಿತು. ಆರಿದ ಪ್ಯಾನಿನ ಪಕ್ಕದ ಬಾಗಿಲಿನ ಬೋಲ್ಟುಗಳನ್ನು ಅಲ್ಲಪ್ಪ ತಾನೇ ಬಿಚ್ಚಿದ. ಮೊರದಗಲದ ಬಾಗಿಲು. ಇಂದ್ರವ್ವ ಸೀರೆ ಎತ್ತಿ ಕಚ್ಚೆ ಹಾಕಿ, ಬ್ಯಾಟರಿ ಕೊರಳಿಗೆ ಕಟ್ಟಿಕೊಂಡು ಒಳಗೆ ನುಸುಳಿದಳು. ಸುತ್ತ ಕತ್ತಲು, ಸಿಹಿಯ ಮಬ್ಬು ವಾಸನೆ. ಕಾಲ ಕೆಳಗೆ ಉಗಿಯಿಂದ ಕಾಯುವ ಹಿತ್ತಾಳೆ ಕೊಳವೆಗಳು, ಜೇನುಗೂಡಿನ ತೂತುಗಳ ಹಾಗೆ ಒತ್ತೊತ್ತಾಗಿ. ಒಂದೊಂದರ ಒಳಗೂ ಕಂದು ಹಕ್ಕಳೆ.

"ಆರುನೂರಾ ಹನ್ನೆರಡು ಕೊಳವಿ ಅದಾವ," ಅಂದ ಅಲ್ಲಪ್ಪ ಹೊರಗಿನಿಂದ. "ಒಂದೂ ಬಿಡಬ್ಯಾಡ. ಎಣಸಕೊಂತ ತಿಕ್ಕು. ಯಾವುದು ಕಟ್ಟೈತಿ, ಅದರ ನಂಬರ ಹೇಳು. ಕಟ್ಟಿದ್ದರ ಮ್ಯಾಗ ಪಾಕ ಕುದಿಯಂಗಿಲ್ಲ. ಅದು ಗೊತ್ತಾತಂದ್ರ ಅರ್ಧಾ ವಿದ್ಯಾ ಗೊತ್ತಾದಂಗ."

"ಹೌದ್ರಿ ಕಾಕಾ."

ತಿಕ್ಕತೊಡಗಿದಳು. ಒಂದು, ಎರಡು, ಹತ್ತು, ನಲವತ್ತು. ಗೋಡೆಗೆ ಹತ್ತಿದ ಒಂದು ಹರಳು ಬೆರಳಿಗೆ ಸಿಕ್ಕಿತು. ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ ನೋಡಿದಳು; ಚೌಕ, ಚೂಪು ಮೂಲೆ. ಬಾಯಿಗೆ ಹಾಕಿಕೊಂಡಳು. ಯಾರೂ ಬೇಡ ಅನ್ನಲಿಲ್ಲ. ನೂರಾ ಎಂಬತ್ತು, ನೂರಾ ಎಂಬತ್ತೊಂದು. ಹತ್ತು ವರ್ಷದ ಮೇಲೆ ಇಂಥ ಆರು ಪ್ಯಾನಿನ ಅಟ್ಟದ ಮೇಲೆ ನಿಂತ ಒಬ್ಬ ಹೆಂಗಸು, ಸಂಕೇಶ್ವರದಿಂದ ಮಂದಿ ಕಲಿಯಲು ಬಂದಿದ್ದಾರೆ, ಅವಳು ಎರಡು ಬೆರಳು ಎತ್ತಿ ತೋರಿಸುತ್ತ ಹೇಳುತ್ತಾಳೆ...

"ಎಷ್ಟಾದವು?" ಅಂದ ಅಲ್ಲಪ್ಪ, ಗಡಿಗೆಯ ಮೈಯನ್ನು ಬೋಲ್ಟು ಬಿಚ್ಚಿದ ಪಾನಾದಿಂದ ಢಣ್ಣೆಂದು ಬಡಿದು.

ಒಳಗೆ ಬ್ರಶ್ಶು ಮೊದಲ ಕೊಳವೆಗೆ ಮರಳಿತು.

"ಒಂದು, ಕಾಕಾ."

"ತಾಸಾತು. ಒಂದೇನ?"

"ನಡುವ ಲೆಕ್ಕ ತಪ್ಪಿತ್ರಿ. ಮತ್ತ ಒಂದರಿಂದ ಹಚ್ಚೇನ್ರಿ."